ಆಟಿಯ ಅಗೆಲಿಗೆ ಒಂದು ಎಲೆ ಹೆಚ್ಚು

ಮನೆತನದ ಗುಟ್ಟಿನ ಮೇಲೆ ಪತ್ತೇದಾರಿ ಕಾದಂಬರಿ ಬರೆಯಲು ಕೂತವರು ಮೊದಲು ಗುಟ್ಟನ್ನು ಹೊಸೆಯುತ್ತಾರೆ. ಸತ್ತದ್ದು ಯಾರು, ಹೂತದ್ದೆಲ್ಲಿ, ವೀಲುನಾಮೆ ಯಾವ ಪೆಟ್ಟಿಗೆಯಲ್ಲಿದೆ. ಆಮೇಲೆ ಅದರ ಸುತ್ತ ಆರೇಳು ಮಂದಿಯನ್ನು ಕೂರಿಸುತ್ತಾರೆ. ಒಬ್ಬಳು ಮಾತಾಡದ ಅಜ್ಜಿ, ಒಬ್ಬ ಕುಡಿಯುವ ಮಾವ, ಪಟ್ಟಣದಿಂದ ಬಂದ ಮೊಮ್ಮಗ. ನೂರನೇ ಪುಟ ದಾಟುವಷ್ಟರಲ್ಲಿ ಕಥೆ ಸೊರಗುತ್ತದೆ. ಇಷ್ಟು ಜನ ನಲವತ್ತು ವರ್ಷ ಒಂದೇ ಮಾಡಿನಡಿ ಉಂಡು ಮಲಗಿದವರು, ಯಾರಿಗೂ ಏನೂ ಗೊತ್ತಿಲ್ಲ ಎಂದರೆ ನಂಬುವವರು ಯಾರು? ಉಡುಪಿ, ಮಂಗಳೂರಿನ ಕಡೆಯ ಓದುಗರಂತೂ ನಂಬುವುದಿಲ್ಲ. ಪಕ್ಕದ ಮನೆಗೆ ಇವತ್ತು ಬಂಗುಡೆ ಬಂತೋ ಬೂತಾಯಿ ಬಂತೋ ಎಂಬುದು ಗೊತ್ತಿರುವ ಊರು ಇದು.

ಮನೆಯ ಗುಟ್ಟು ಮನೆಯವರಿಗೆಲ್ಲ ಗೊತ್ತಿರುತ್ತದೆ, ಆದರೆ ಚೂರು ಚೂರು. ಪಾಲಾಗದ ಕುಟುಂಬದ ಆಸ್ತಿಯಲ್ಲಿ ಪ್ರತಿಯೊಬ್ಬನಿಗೂ ಹಕ್ಕಿದೆ, ಯಾವ ಗದ್ದೆ ಯಾರದ್ದೆಂದು ಮಾತ್ರ ಬೆರಳು ಮಾಡಿ ತೋರಿಸಲಾಗದು. ಗುಟ್ಟೂ ಹಾಗೆಯೇ ಹಂಚಿಹೋಗಿರುತ್ತದೆ. ಪಾತ್ರ ಕಟ್ಟುವವರು ಒಬ್ಬೊಬ್ಬರ ಬಗ್ಗೆಯೂ ನಾಲ್ಕು ವಿಷಯ ಬರೆದಿಟ್ಟುಕೊಳ್ಳಬೇಕು. ಇವರಿಗೆ ಗೊತ್ತಿರುವುದು ಎಷ್ಟು, ಯಾವ ವರ್ಷದಿಂದ ಗೊತ್ತು, ಬಾಯಿ ಮುಚ್ಚಿಕೊಂಡದ್ದಕ್ಕೆ ಸಿಕ್ಕಿದ್ದೇನು, ಬಾಯಿ ಬಿಟ್ಟರೆ ಹೋಗುವುದೇನು. ಮುಖ, ಮೂಗು, ಉಡುಪು ಎಲ್ಲ ಆಮೇಲೆ.

ಬರೇ ತತ್ತ್ವ ಹೇಳಿದರೆ ಪ್ರಯೋಜನವಿಲ್ಲ. ಒಂದು ಮನೆಯನ್ನೇ ಕಟ್ಟಿ ನೋಡುವ.

ಉಡುಪಿ ತಾಲೂಕಿನ ಒಂದು ಗುತ್ತಿನ ಮನೆ, ಅಂದರೆ ಊರಿನ ದೊಡ್ಡ ಜಮೀನುದಾರರ ಮನೆತನ. ಅಳಿಯಸಂತಾನ ಕಟ್ಟಿನ ಕುಟುಂಬ, ಅಂದರೆ ಆಸ್ತಿ ಇಳಿಯುವುದು ತಾಯಿಯ ಕಡೆಯಿಂದ. ಗಂಡಸರ ಮಕ್ಕಳು ಈ ಮನೆಯವರಲ್ಲ, ಅವರು ತಮ್ಮ ತಾಯಿಯ ಮನೆಗೆ ಸೇರಿದವರು. ಗುಟ್ಟು ಹುಟ್ಟಿದ್ದು 1956ರ ಮಳೆಗಾಲದಲ್ಲಿ, ಕಥೆ ನಡೆಯುವುದು 1998ರಲ್ಲಿ. ಈ ಎರಡು ವರ್ಷಗಳನ್ನು ಸುಮ್ಮನೆ ಆರಿಸಿದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಅದರ 7ನೇ ಕಲಮು ಅಳಿಯಸಂತಾನ ಕುಟುಂಬಗಳಿಗೂ ಕೈಹಾಕಿತು. ಆ ದಿನಕ್ಕೆ ಮುಂಚೆ ಸತ್ತವನ ಪಾಲು ಕುಟುಂಬದಲ್ಲೇ ಕರಗುತ್ತದೆ. ಆಮೇಲೆ ಸತ್ತರೆ ಅದು ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಬೊಂಬಾಯಿಯ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದ, ಅಲ್ಲೇ ಮದುವೆಯಾಗಿ ಇಬ್ಬರು ಮಕ್ಕಳಿದ್ದ ಒಬ್ಬ ಗಂಡಸು ಬೇಸಿಗೆಗೆ ಊರಿಗೆ ಬಂದವನು ಜುಲೈ 11ಕ್ಕೆ ತೀರಿಕೊಳ್ಳುತ್ತಾನೆ. ಸಾವು ಜ್ವರದ್ದೇ ಇರಲಿ, ಕೊಲೆ ಬೇಡ. ಮನೆಯವರು ಪಟೇಲರ ಮರಣ ರಿಜಿಸ್ಟರಿನಲ್ಲಿ ಮೇ 28 ಎಂದು ಬರೆಸುತ್ತಾರೆ. ಆರು ವಾರ ಹಿಂದಕ್ಕೆ ಸರಿಸಿದ ಒಂದು ತಾರೀಕು, ಅಷ್ಟೇ.

ಕಥೆಯನ್ನು 1998ಕ್ಕೆ ಇಟ್ಟದ್ದಕ್ಕೂ ಲೆಕ್ಕಾಚಾರ ಉಂಟು. ಕಣ್ಣಾರೆ ಕಂಡವರು ಇನ್ನೂ ಬದುಕಿರಬೇಕು, ನೆನಪು ಗಟ್ಟಿ ಇರಬೇಕು. 2025ಕ್ಕೆ ಇಟ್ಟರೆ ಆಗ ಇಪ್ಪತ್ತು ದಾಟಿದವರಿಗೆಲ್ಲ ತೊಂಬತ್ತರ ಹತ್ತಿರ. 1998ರಲ್ಲಿ ಉಡುಪಿ ಜಿಲ್ಲೆಯಾಗಿ ಒಂದು ವರ್ಷವಾಗಿರಲಿಲ್ಲ ಅಥವಾ ಈಗಷ್ಟೇ ಆಗಿತ್ತು (1997ರ ಆಗಸ್ಟಿನಲ್ಲಿ ಬೇರೆಯಾದದ್ದು), ಪಹಣಿ ಇನ್ನೂ ಕೈಬರಹದಲ್ಲಿತ್ತು, ಫೋನು ಮಾಡಲು ಎಸ್‌ಟಿಡಿ ಬೂತಿಗೆ ಹೋಗಬೇಕಿತ್ತು. ಪತ್ತೇದಾರನಿಗೆ ಮೊಬೈಲು ಕೊಟ್ಟರೆ ಅರ್ಧ ಅಧ್ಯಾಯಗಳು ಎರಡು ನಿಮಿಷದಲ್ಲಿ ಮುಗಿಯುತ್ತವೆ.

ಬರೆಯುವ ಮುಂಚೆ ಒಂದು ಹಾಳೆಯಲ್ಲಿ ಎಲ್ಲರ ಹುಟ್ಟಿದ ವರ್ಷ, 1956ರ ಪ್ರಾಯ, 1998ರ ಪ್ರಾಯ ಮೂರನ್ನೂ ಸಾಲಾಗಿ ಬರೆದು ಗೋಡೆಗೆ ಅಂಟಿಸಿ. ಸತ್ತವನು 1920ರವನು, ಸಾಯುವಾಗ 36. ಅವನ ಅಕ್ಕ 1914, ಆಗ 42, ಈಗ 84. ಅಕ್ಕನ ಮಗ 1936, ಆಗ 20, ಈಗ 62. ಬೊಂಬಾಯಿಯ ಮಗ 1950, ಆಗ 6, ಈಗ 48. ಗದ್ದೆ ಕೆಲಸದ ಹೆಂಗಸು 1942, ಆಗ 14, ಈಗ 56. ಯಜಮಾನ ಸೋದರಮಾವ 1896, ತೀರಿಕೊಂಡು ಎಷ್ಟೋ ಕಾಲವಾಗಿದೆ. ಈ ಪಟ್ಟಿ ಇಲ್ಲದೆ ಹೊರಟ ಹಸ್ತಪ್ರತಿಗಳಲ್ಲಿ ತಾಯಿಗೂ ಮಗನಿಗೂ ಒಂಬತ್ತು ವರ್ಷ ಅಂತರ ಇರುವುದೂ ಉಂಟು. ವಾರವನ್ನೂ ಪಂಚಾಂಗ ತೆಗೆದು ನೋಡಿಕೊಳ್ಳಿ. 1956ರ ಜೂನ್ 17 ಭಾನುವಾರ. ಅವತ್ತು ಮಂಗಳೂರಿನ ಕಚೇರಿಗೆ ಯಾರನ್ನಾದರೂ ಕಳಿಸಿದರೆ ಪತ್ರ ಬರೆದು ಹೇಳುವ ಓದುಗರು ಇದ್ದಾರೆ.

ಈಗ ದೊಡ್ಡಮ್ಮ. ಸತ್ತವನ ಅಕ್ಕ, ಮನೆಯ ಹಿರಿಯ ಹೆಂಗಸು. ಇಂಥವರನ್ನು ಬರೆಯುವಾಗ ಎಲ್ಲರೂ ಮಾಡುವ ತಪ್ಪು, ಅವರನ್ನು ಮೌನಿಯಾಗಿಸುವುದು. ನಿಜವಾಗಿ ಗುಟ್ಟು ಕಾಯುವ ಹೆಂಗಸು ಸಿಕ್ಕಾಪಟ್ಟೆ ಮಾತಾಡುತ್ತಾಳೆ. ಬಂದವರಿಗೆ ಬೆಲ್ಲ ನೀರು ಕೊಡುತ್ತಾಳೆ, ಹಲಸಿನಕಾಯಿ ಹಪ್ಪಳದ ಕಥೆ ಹೇಳುತ್ತಾಳೆ, ಯಾರ ಮಗಳ ಮದುವೆ ಎಲ್ಲಿ ಮುರಿಯಿತೆಂದು ಹೇಳುತ್ತಾಳೆ. 1956ರ ವಿಷಯ ಬಂದಾಗಲೂ ಮಾತು ನಿಲ್ಲುವುದಿಲ್ಲ, ದಾರಿ ತಿರುಗುತ್ತದೆ.

"ತಮ್ಮ ತೀರಿಕೊಂಡದ್ದು ಯಾವಾಗ ದೊಡ್ಡಮ್ಮ?"

"ಆ ವರ್ಷ ಮಳೆ ಹಿಡಿದದ್ದು ಹಿಡಿದದ್ದೇ ಮಗಾ. ಹಟ್ಟಿಯ ಮಾಡು ಹಾರಿಹೋಗಿತ್ತು. ಆಗ ನಮಗೆ ಎರಡು ಕರೆಯುವ ದನ ಇತ್ತು..."

ಮೇ 28ಕ್ಕೆ ಸತ್ತವನ ನೆನಪಿನಲ್ಲಿ ಹಿಡಿದ ಮಳೆ ಯಾಕೆ ಬಂತು? ಇಲ್ಲಿ ಓದುಗ ಒಂದು ಕ್ಷಣ ನಿಲ್ಲಬೇಕು. ಆದರೆ ಪತ್ತೇದಾರ ನಿಲ್ಲಬಾರದು, ಆ ದನದ ಬಗ್ಗೆಯೇ ಕೇಳಬೇಕು. ಸುಳಿವು ಕೊಟ್ಟ ಕೂಡಲೇ ಅದರ ಮೇಲೆ ಬೆರಳಿಟ್ಟರೆ ಸುಳಿವು ಸತ್ತಿತು.

ಊರಿನ ಹಳಬರು ಇಂಗ್ಲಿಷು ತಿಂಗಳಲ್ಲಿ ನೆನಪಿಡುವವರಲ್ಲ. ಅವರದ್ದು ಪಗ್ಗು, ಬೇಸ್ಯ, ಕಾರ್ತೆಲ್, ಆಟಿ, ಸೋಣ. ಸಂಕ್ರಾಂತಿಯಿಂದ ಸಂಕ್ರಾಂತಿಗೆ ಎಣಿಸುವ ಈ ಲೆಕ್ಕದಲ್ಲಿ ಬೇಸ್ಯ ಮುಗಿದು ಕಾರ್ತೆಲ್ ಹುಟ್ಟುವುದು ಜೂನ್ 15ರ ಆಸುಪಾಸು. ಕಾಯ್ದೆ ಬಂದದ್ದು 17ಕ್ಕೆ. ಹಾಗಾಗಿ ಒಬ್ಬ ಮುದುಕಿ "ಕಾರ್ತೆಲಲ್ಲಿ" ಎಂದರೆ ಆಸ್ತಿಯ ಪಾಲು ಒಂದು ಕಡೆ, "ಬೇಸ್ಯದಲ್ಲಿ" ಎಂದರೆ ಇನ್ನೊಂದು ಕಡೆ. ಎರಡು ದಿನದ ಸಂದು ಬಿಟ್ಟರೆ ಈ ಒಂದು ಶಬ್ದ ಸಾಕು. ಇಂಥ ಗೂಟ ಸಿಕ್ಕಿದರೆ ಅದನ್ನು ಬಳಸದೆ ಬಿಡುವುದು ದಡ್ಡತನ.

ದೊಡ್ಡಮ್ಮನಿಗೆ ಇನ್ನೊಂದು ಗುಟ್ಟೂ ಇರಲಿ, ಹಳೆಯದು, ನಗು ಬರಿಸುವಂಥದ್ದು. 1949ರ ಮದ್ರಾಸು ಅಳಿಯಸಂತಾನ ಕಾಯ್ದೆಯಲ್ಲಿ ಪಾಲು ಕೇಳುವ ಕವರುಗಳಲ್ಲಿ, ಅಂದರೆ ಹೆಂಗಸಿನ ಕಡೆಯಿಂದ ಇಳಿದ ಕುಟುಂಬದ ಕವಲುಗಳಲ್ಲಿ, ಎರಡು ಬಗೆ. 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಉಳಿದವರಲ್ಲಿ ಸಂತತಿ ಇದ್ದರೆ ನಿಸ್ಸಂತತಿ ಕವರಿಗೆ ಸಿಗುವುದು ಬದುಕಿರುವಷ್ಟು ದಿನದ ಹಕ್ಕು ಮಾತ್ರ. ಆ ಕಾಲದ ಪಾಲುಪಟ್ಟಿಯಲ್ಲಿ 52ರ ಒಬ್ಬ ಚಿಕ್ಕಜ್ಜಿ 48 ಆಗಿಬಿಟ್ಟರೆ ಕಾರಣ ನಾಚಿಕೆಯಲ್ಲ. ಇದನ್ನು ಮುಖ್ಯ ಕಥೆಗೆ ಬೆಸೆಯಬೇಕೆಂದಿಲ್ಲ. ತಾರೀಕು ತಿದ್ದುವುದು ಈ ಮನೆಗೆ ಹೊಸತಲ್ಲ ಎಂದು ತೋರಿಸಲು ಮೊದಲೇ ಒಂದು ಕಡೆ ನಗುತ್ತಾ ಹೇಳಿಬಿಟ್ಟರೆ ಆಮೇಲಿನದ್ದಕ್ಕೆ ನೆಲ ಹದವಾಗುತ್ತದೆ.

ಸೋದರಮಾವ, ಮನೆಯವರ ಬಾಯಲ್ಲಿ ತಮ್ಮಲೆ. ಕಥೆ ಶುರುವಾಗುವಾಗ ಇವರು ಬದುಕಿಲ್ಲ. ಪಾತ್ರ ಸತ್ತಿದ್ದರೆ ಅದನ್ನು ಚಿತ್ರಪಟದ ಹಾರದಲ್ಲಿ ಮುಗಿಸುವುದು ಸುಲಭ, ಆದರೆ ಈ ಬಗೆಯ ಕಾದಂಬರಿಯಲ್ಲಿ ಸತ್ತವರೇ ಹೆಚ್ಚು ಕೆಲಸ ಮಾಡಬೇಕು. ಅವರ ಸ್ವಭಾವವನ್ನು ಕಾಗದದ ಮೂಲಕ ತೋರಿಸಿ. ತಮ್ಮಲೆ ಅತಿ ಜಾಗ್ರತೆಯ ಮನುಷ್ಯ. ಬಾವಿಗೆ ಎರಡು ಹಗ್ಗ, ಕಣಜಕ್ಕೆ ಎರಡು ಬೀಗ. ಇಂಥವರು ಸಿಕ್ಕಿಬೀಳುವುದು ಜಾಗ್ರತೆಯಿಂದಲೇ. 1961ರಲ್ಲಿ ಬೊಂಬಾಯಿಯ ವಿಧವೆಯನ್ನು ಉಡುಪಿಗೆ ಕರೆಸಿ, ಕೈಗೆ ಸ್ವಲ್ಪ ಹಣವಿಟ್ಟು, ಒಂದು ಹಕ್ಕುಬಿಡುಗಡೆ ಪತ್ರ ನೋಂದಾಯಿಸಿಕೊಂಡರು. ಆಗ ಅವರಿಗೆ ನಿದ್ರೆ ಬಂದಿರಬೇಕು. 1998ರಲ್ಲಿ ಅದೇ ಪತ್ರ ಓದುವವನಿಗೆ ನಿದ್ರೆ ಹೋಗುತ್ತದೆ. ಗಂಡ ಮೇ ತಿಂಗಳಲ್ಲಿ ಸತ್ತಿದ್ದರೆ ಆ ಹೆಂಗಸಿಗೆ ಹಕ್ಕೇ ಇರಲಿಲ್ಲವಲ್ಲ. ಇಲ್ಲದ ಹಕ್ಕನ್ನು ಹಣ ಕೊಟ್ಟು ಬಿಡಿಸಿಕೊಂಡದ್ದು ಯಾಕೆ? ಇಡೀ ಕಾದಂಬರಿಯ ಬೀಗ ತೆರೆಯುವುದು ಈ ಪ್ರಶ್ನೆಯಲ್ಲಿ. ಇದಕ್ಕೆ ರಕ್ತದ ಕಲೆ ಬೇಡ, ಬೂಟಿನ ಗುರುತು ಬೇಡ. ಒಬ್ಬನ ಸ್ವಭಾವವೇ ಸಾಕ್ಷಿ.

ಅಕ್ಕನ ಮಗ, ತಮ್ಮಲೆಯ ಅರುವತ್ತೆ, ಅಂದರೆ ಅಳಿಯ. ಇವನು 1956ರಲ್ಲಿ ಮಂಗಳೂರಿನಲ್ಲಿ ಓದುತ್ತಿದ್ದವ, ಈಗ ಬ್ಯಾಂಕಿನಿಂದ ನಿವೃತ್ತ. ಹೊಸ ಕಾಯ್ದೆಯ ಸುದ್ದಿ ಹಳ್ಳಿಯ ಯಜಮಾನನಿಗೆ ಮೂರು ವಾರದಲ್ಲಿ ತಲುಪಬೇಕಾದರೆ ಪೇಪರು ಓದುವ ಹುಡುಗ ಬೇಕೇ ಬೇಕು. ಬುದ್ಧಿ ಇವನದ್ದು, ಕೈ ಮಾವನದ್ದು. ಇವನನ್ನು ಖಳನಂತೆ ಬರೆಯಬೇಡಿ. ಇವನು ಊರ ದೇವಸ್ಥಾನದ ಲೆಕ್ಕ ಬರೆಯುವವನು, ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಕೂತು ಸರಿಮಾಡುವವನು. ಇಪ್ಪತ್ತನೇ ವಯಸ್ಸಿನಲ್ಲಿ ಒಂದು ಮಾತು ಹೇಳಿದ, ಅದರ ಮೇಲೆ ಉಳಿದ ಬದುಕೆಲ್ಲ ಕಟ್ಟಿಕೊಂಡ. 1998ರಲ್ಲಿ ಇವನು ಹೆದರುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಮೋಸದಿಂದ ಮುಚ್ಚಿಟ್ಟ ವಿಷಯಕ್ಕೆ ಕಾಲಮಿತಿ ಶುರುವಾಗುವುದು ಮೋಸ ಗೊತ್ತಾದ ದಿನದಿಂದ. 1963ರ ಕಾಲಮಿತಿ ಕಾಯ್ದೆಯ 17ನೇ ಕಲಮು ನೋಡಿ. ನಲವತ್ತೆರಡು ವರ್ಷದ ಹಿಂದಿನದ್ದು ಸತ್ತ ವಿಷಯ ಎಂದುಕೊಂಡವನಿಗೆ ಅದು ನಿನ್ನೆಯದ್ದಾಗಿ ಎದ್ದು ಕೂರುತ್ತದೆ. ವರ್ತಮಾನದಲ್ಲಿ ಇನ್ನೊಂದು ಅಪರಾಧ ನಡೆಯಬೇಕಾದರೆ ಕಾರಣ ಇಷ್ಟು ಗಟ್ಟಿ ಇರಬೇಕು. "ಮಾನ ಹೋಗುತ್ತದೆ" ಎಂಬುದೊಂದೇ ಸಾಲದು, ಮಾನಕ್ಕೂ ಸರ್ವೆ ನಂಬ್ರಕ್ಕೂ ಗಂಟು ಹಾಕಬೇಕು.

ಪಟೇಲರಿಗೆ ಎರಡು ಪ್ಯಾರಾ ಸಾಕು. ಮದ್ರಾಸು ಕಾಲದಲ್ಲಿ ಹಳ್ಳಿಯ ಜನನ ಮರಣ ಬರೆಯುತ್ತಿದ್ದುದು ಊರಿನ ಪಟೇಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮದ್ರಾಸಿನದ್ದೇ. ಪಟೇಲಿಕೆ ಹಲವು ಕಡೆ ಗುತ್ತಿನ ಮನೆಗಳಲ್ಲೇ ಇತ್ತು, ಸಂಬಂಧದವರೇ. ಜುಲೈಯಲ್ಲಿ ಮೇ ತಿಂಗಳ ಸಾವು ಸೇರಿಸಬೇಕಾದರೆ ಎರಡು ಸಾಲಿನ ನಡುವೆ ಸಣ್ಣ ಅಕ್ಷರದಲ್ಲಿ ತುರುಕಬೇಕು, ಕ್ರಮಸಂಖ್ಯೆ ತಿದ್ದಬೇಕು. ಅಷ್ಟು ತೋರಿಸಿ ಮುಂದೆ ಹೋಗಿ.

ಪಟೇಲರ ಕೈಕೆಳಗೆ ಉಗ್ರಾಣಿ ಇರುತ್ತಾನೆ. ಸಾವಿನ ಸುದ್ದಿ ತರುವವನು, ನೋಟೀಸು ಮುಟ್ಟಿಸುವವನು, ದಿನ ಗೊತ್ತಿರುವವನು. ಕಾದಂಬರಿಗೆ ಎರಡನೇ ತಳ ಬೇಕಲ್ಲ, ಅದು ಇವನು. ಆಸ್ತಿಯ ಗುಟ್ಟು ಬಿಚ್ಚಿದಾಗ ಓದುಗ ಇಷ್ಟೇ ಎಂದುಕೊಳ್ಳಬೇಕು, ಅಷ್ಟರಲ್ಲಿ ಇವನು ಏಳಬೇಕು. ಉಗ್ರಾಣಿ ಆ ಮಳೆಗಾಲದಲ್ಲಿ "ಘಟ್ಟಕ್ಕೆ ಹೋದ", ವಾಪಸು ಬರಲಿಲ್ಲ. ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಹೋಗಿ ಬರದವರು ಬಹಳ ಮಂದಿ, ಯಾರೂ ಪ್ರಶ್ನೆ ಕೇಳಲಿಲ್ಲ. ಆದರೆ ಕರಾವಳಿಯ ಆಳುಗಳು ಘಟ್ಟ ಹತ್ತುತ್ತಿದ್ದುದು ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ದ ಮೇಲೆ, ಕಾಫಿ ಕೊಯ್ಲಿನ ಸಮಯಕ್ಕೆ. ಮಳೆ ಬೀಳುವ ಮೊದಲು ಇಳಿದು ಬರುತ್ತಿದ್ದರು. ನೇಜಿ (ಭತ್ತದ ಸಸಿ) ನೆಡುವ ಹೊತ್ತಿಗೆ ಊರಿನಲ್ಲೇ ಕೈ ಸಾಲದಿರುವಾಗ ಜುಲೈಯಲ್ಲಿ ಘಟ್ಟ ಹತ್ತುವವ ಯಾರು ಮಾರಾಯ್ರೆ? ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ಪೊಲೀಸರಲ್ಲ. ಗದ್ದೆ ಗೊತ್ತಿರುವ ಯಾರಾದರೂ ಕೇಳಿದರೆ ಚೆಂದ.

ಹಾಗೆ ಕೇಳಬಲ್ಲವಳು ಗದ್ದೆ ಕೆಲಸದ ಆ ಹೆಂಗಸು, ಉಗ್ರಾಣಿಯ ಮಗಳು. ಅಪ್ಪ ಹೋದ ಮೇಲೆ ಹದಿನಾಲ್ಕನೇ ವಯಸ್ಸಿನಲ್ಲಿ ಇದೇ ಮನೆಗೆ ಕೆಲಸಕ್ಕೆ ಬಂದಳು, ಇನ್ನೂ ಬರುತ್ತಿದ್ದಾಳೆ. ಬೊಂಬಾಯಿ ಅಯ್ಯ ನೇಜಿ ನೆಡುವಾಗ ಕಂಬಳಿ ಕೊಪ್ಪೆ ಹಾಕಿ ಗದ್ದೆಯ ಹುಣಿಯಲ್ಲಿ ನಿಂತಿದ್ದದ್ದು ಅವಳಿಗೆ ನೆನಪಿದೆ. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ. ರಿಜಿಸ್ಟರಿನಲ್ಲಿ ಏನಿದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಕೆಲಸದವರ ಪಾತ್ರವನ್ನು ಸುಳಿವು ಕೊಟ್ಟು ಒಳಗೆ ಹೋಗುವ ತಟ್ಟೆಯಂತೆ ಬಳಸುವುದು ನಮ್ಮ ಪತ್ತೇದಾರಿಗಳ ಹಳೆಯ ಕೆಟ್ಟ ಚಾಳಿ. ಇವಳಿಗೆ ತನ್ನದೇ ಪ್ರಶ್ನೆ ಇರಬೇಕು, ಅದು ಮನೆಯವರ ಪ್ರಶ್ನೆಗಿಂತ ದೊಡ್ಡದಿರಬೇಕು.

ಶೀರ್ಷಿಕೆಯ ಎಲೆ ಇಲ್ಲಿ ಬರುತ್ತದೆ. ಆಟಿ ತಿಂಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನೊಳಗೆ, ತೀರಿಕೊಂಡ ಹಿರಿಯರಿಗೆ ಅಗೆಲು ಬಡಿಸುವ ಕ್ರಮ ಉಂಟು. ಮನೆಯಿಂದ ಮನೆಗೆ ಕ್ರಮ ಬೇರೆ. ನಮ್ಮ ಕಥೆಯ ಮನೆಯಲ್ಲಿ ಒಳಕೋಣೆಯಲ್ಲಿ ಬಾಳೆಲೆ ಸಾಲಾಗಿ ಹಾಕಿ, ಅನ್ನ, ಕೋಳಿ ಪದಾರ್ಥ, ರೊಟ್ಟಿ, ಬೊಂಡ, ವೀಳ್ಯದೆಲೆ ಅಡಿಕೆ ಇಟ್ಟು, ಹಿರಿಯರನ್ನು ಕರೆದು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ದೀಪ ಒಳಗೆ ಉರಿಯುತ್ತಿರುತ್ತದೆ. ಹೊರಗೆ ಮಳೆ. ಎಲೆಗಳು ಹನ್ನೆರಡು. ದೊಡ್ಡಮ್ಮ ಮಾತ್ರ ಹದಿಮೂರನೆಯದ್ದೊಂದು ಕೊಯ್ಯುತ್ತಾಳೆ. ಅದನ್ನು ಒಳಗೆ ಹಾಕುವುದಿಲ್ಲ, ಹಿಂಬಾಗಿಲಿನ ಜಗಲಿಯ ಮೂಲೆಯಲ್ಲಿ ಹಾಕುತ್ತಾಳೆ, ರೊಟ್ಟಿ ಒಂದು ಹೆಚ್ಚಿಗೆ ಇಡುತ್ತಾಳೆ, ಹೆಸರು ಹೇಳಿ ಕರೆಯುವುದಿಲ್ಲ. ಕೇಳಿದರೆ "ದಾರಿಯಲ್ಲಿ ಹೋಗುವವರಿಗೆ" ಎನ್ನುತ್ತಾಳೆ. ಮರುದಿನ ಬೆಳಿಗ್ಗೆ ಆ ಎಲೆ ತೆಗೆದು ಜಗಲಿ ಸಾರಿಸುವವಳು ಉಗ್ರಾಣಿಯ ಮಗಳು. ನಲವತ್ತೆರಡು ವರ್ಷದಿಂದ.

ಈ ದೃಶ್ಯವನ್ನು ಕಾದಂಬರಿಯ ಮೊದಲ ಕಾಲು ಭಾಗದೊಳಗೆ, ಯಾವ ಒತ್ತೂ ಇಲ್ಲದೆ ತೋರಿಸಬೇಕು. ಪತ್ತೇದಾರನ ಕಣ್ಣಿಗೆ ಅದು ಬರೇ ಊರಿನ ಆಚಾರ. ಎರಡನೇ ಸಲ ಅದು ಬರುವುದು ಬೇರೆಯವರ ಬಾಯಲ್ಲಿ, ಎಣಿಕೆಯಾಗಿ: ವಂಶವೃಕ್ಷದಲ್ಲಿ ಸತ್ತವರು ಹನ್ನೆರಡು, ಎಲೆ ಯಾಕೆ ಹದಿಮೂರು. ಮೂರನೇ ಸಲ ವಿವರಣೆ ಬೇಡ.

ಬೊಂಬಾಯಿಯ ಮಗನಿಗೆ ತುಳು ಅರ್ಧಂಬರ್ಧ ಬರುತ್ತದೆ. ಅವನು ತರುವುದು ಅಮ್ಮನ ಟ್ರಂಕಿನಲ್ಲಿದ್ದ ಒಂದು ಪೋಸ್ಟ್‌ಕಾರ್ಡು, ಅಂಚೆ ಮುದ್ರೆ 1956ರ ಜುಲೈ 2. ಅಪ್ಪ ಬರೆದದ್ದು. ಅದನ್ನು ಅವನು ಅಪ್ಪನ ಅಕ್ಷರವೆಂದು ಇಟ್ಟುಕೊಂಡದ್ದು, ಸಾಕ್ಷಿಯೆಂದಲ್ಲ. ಅವನಮ್ಮನಿಗೆ ಗಂಡ ಜುಲೈಯಲ್ಲಿ ಸತ್ತದ್ದು ಗೊತ್ತಿತ್ತು, ರಿಜಿಸ್ಟರು ಗೊತ್ತಿರಲಿಲ್ಲ. ದೊಡ್ಡಮ್ಮನಿಗೆ ಎರಡೂ ಗೊತ್ತು. ಕಾರ್ಡು ಬೊಂಬಾಯಿಯಲ್ಲಿ, ರಿಜಿಸ್ಟರು ತಾಲೂಕು ಕಚೇರಿಯಲ್ಲಿ, ನೇಜಿಯ ನೆನಪು ಗದ್ದೆಯಲ್ಲಿ, ಎಲೆ ಜಗಲಿಯಲ್ಲಿ. ಯಾರ ಕೈಯಲ್ಲಿರುವುದೂ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಪಾತ್ರಗಳ ಹಂಚಿಕೆ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಯಾವುದೇ ಒಬ್ಬರನ್ನು ಕಥೆಯಿಂದ ತೆಗೆದರೆ ಗುಟ್ಟು ಬಿಚ್ಚಲೇಬಾರದು. ಬಿಚ್ಚುತ್ತದೆ ಎಂದಾದರೆ ಆ ವ್ಯಕ್ತಿ ಅಲ್ಲಿ ಕಾಫಿ ಕುಡಿಯಲು ಬಂದದ್ದು.

ಹಾಗಾದರೆ ಪತ್ತೇದಾರ ಯಾರು? ಖಾಸಗಿ ಪತ್ತೇದಾರನಿಗೆ ನಮ್ಮಲ್ಲಿ ಯಾವ ಅಧಿಕಾರವೂ ಇಲ್ಲ, ಗುತ್ತಿನ ಚಾವಡಿಗೆ ಅವನು ಹತ್ತಿದರೆ ನಾಯಿ ಬಿಡುತ್ತಾರೆ. ಪೊಲೀಸಿನವನಾದರೆ ಜನ ಬಾಯಿ ಹೊಲಿದುಕೊಳ್ಳುತ್ತಾರೆ. ಈ ಕಥೆಗೆ ಹೊಂದುವುದು ಉಡುಪಿಯ ಒಬ್ಬ ಕಿರಿಯ ವಕೀಲೆ. ಜಾಗ ಮಾರುವುದಕ್ಕೆ ಹಕ್ಕುಪತ್ರ ನೋಡಿಕೊಡಲು ಹಿರಿಯ ವಕೀಲರು ಕಳಿಸಿದವಳು. ಸಾಮಾನ್ಯವಾಗಿ 30 ವರ್ಷ ಹಿಂದಕ್ಕೆ ನೋಡಿ ಷರಾ ಬರೆಯುತ್ತಾರೆ. 1998ರಿಂದ 30 ಎಂದರೆ 1968, ಅಷ್ಟಕ್ಕೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆಮೇಲಿನ ಒಂದು ದಸ್ತಾವೇಜಿನ ಪೂರ್ವಾಪರದಲ್ಲಿ 1961ರ ಬಿಡುಗಡೆ ಪತ್ರದ ನಂಬ್ರ ಒಂದು ಸಾಲಿನಲ್ಲಿ ಬಂದಿರುತ್ತದೆ. ಅವಳು ಅದನ್ನು ತೆಗೆಸಿ ನೋಡುವವಳು. ಇದೊಂದೇ ಗುಣದಿಂದ ಅವಳನ್ನು ಕಟ್ಟಬಹುದು: ಬೇಡದ ಪುಟ ತಿರುಗಿಸುವವಳು.

ಕಾಗದದ ಕೆಲಸ ಬರೆಯುವಾಗ ತಪ್ಪುವ ಜಾಗಗಳು ಕೆಲವಿವೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿಯ ದಸ್ತಾವೇಜು ಏರುವುದು 1ನೇ ಪುಸ್ತಕಕ್ಕೆ. ಅದರ ಸೂಚಿಯನ್ನು ಯಾರೂ ಶುಲ್ಕ ಕಟ್ಟಿ ನೋಡಬಹುದು, ನಕಲು ಪಡೆಯಬಹುದು. ವೀಲುನಾಮೆ 3ನೇ ಪುಸ್ತಕಕ್ಕೆ ಹೋಗುತ್ತದೆ, ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಅದರ ನಕಲು ಸಿಗದು. ಋಣಭಾರ ಪತ್ರದಲ್ಲೂ ವೀಲುನಾಮೆ ಕಾಣುವುದಿಲ್ಲ. ಋಣಭಾರ ಪತ್ರ ಹಿಡಿದು "ಇಲ್ಲಿ ನೋಡಿ ವೀಲುನಾಮೆ!" ಎಂದು ಕೂಗುವ ನಾಯಕರನ್ನು ದಯವಿಟ್ಟು ಮನೆಗೆ ಕಳಿಸಿ.

ಸುಳ್ಳು ಪತ್ರ ಹಿಡಿಯುವುದಕ್ಕೆ ಕೈಬರಹ ತಜ್ಞರೇ ಬರಬೇಕೆಂದಿಲ್ಲ. ಛಾಪಾ ಕಾಗದದ ಹಿಂಬದಿಯಲ್ಲಿ ಮಾರಿದವನು ಬರೆದ ನಂಬ್ರ, ತಾರೀಕು, ಕೊಂಡವರ ಹೆಸರು ಇರುತ್ತದೆ. ಪತ್ರದ ತಾರೀಕು ಅದಕ್ಕಿಂತ ಹಿಂದಿನದ್ದಾದರೆ ಕಥೆ ಮುಗಿಯಿತು. ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. 1956ರ ರಸೀದಿಯಲ್ಲಿ "50 ನಯೇ ಪೈಸೆ" ಇದ್ದರೆ ಬರೆದವನು ಆಮೇಲೆ ಕೂತು ಬರೆದದ್ದು, ಆಗ ಆಣೆ ಪೈಗಳ ಲೆಕ್ಕ. ಇನ್ನು ಹಳೆಯ ಮನೆಯ ಹೆಂಚು ನೋಡಿ ಮನೆಯ ವರ್ಷ ಹೇಳುವ ಪತ್ತೇದಾರರಿಗೊಂದು ಎಚ್ಚರಿಕೆ. ಮಂಗಳೂರು ಹೆಂಚಿನಲ್ಲಿ 1865 ಎಂದು ಒತ್ತಿದ್ದರೆ ಅದು ಬಾಸೆಲ್ ಮಿಷನಿನ ಕಾರ್ಖಾನೆ ಶುರುವಾದ ವರ್ಷ. ಆ ಹೆಂಚು ಸುಟ್ಟದ್ದು ಎಷ್ಟೋ ದಶಕಗಳ ಮೇಲಿರಬಹುದು.

ಉಗ್ರಾಣಿಯನ್ನು ಹೂತದ್ದೆಲ್ಲಿ ಎಂಬುದಕ್ಕೆ ನೆಲ ತಿಳಿದಿರಬೇಕು. ಇಲ್ಲಿ ಪ್ರಾಯದವರನ್ನು ಸುಡುವ ಸಮುದಾಯಗಳಲ್ಲಿ ತೋಟದಲ್ಲಿ ಎಲುಬು ಸಿಕ್ಕುವುದೇ ಒಂದು ಅಸಹಜ. ಹಾಗಾಗಿ ಅದನ್ನು ಹಗುರಾಗಿ ಬಳಸಬಾರದು. ಜೊತೆಗೆ ನಮ್ಮದು ಮುರಕಲ್ಲಿನ ಹುಳಿ ಮಣ್ಣು, ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ನಲವತ್ತು ವರ್ಷದ ಮೇಲೆ ಅಂಥ ಮಣ್ಣಿನಲ್ಲಿ ಪಾಠಶಾಲೆಯ ಅಸ್ಥಿಪಂಜರ ಸಿಗುವುದಿಲ್ಲ. ಮೆತ್ತಗಾಗಿ ಪುಡಿಯಾಗುವ ಚೂರುಗಳು, ಹಲ್ಲು, ಲೋಹದ ಗುಂಡಿ, ಸೊಂಟದ ಬಿಲ್ಲೆ ಸಿಗಬಹುದು. ಹಲ್ಲಿನ ಹೊರಕವಚ ಕೊನೆಯವರೆಗೂ ಉಳಿಯುತ್ತದೆ. ಹಾಳುಬಾವಿಯ ಕೆಸರಿನಡಿ ಗಾಳಿ ಸೋಕದಿದ್ದರೆ ಎಲುಬು ಹೆಚ್ಚು ಬಾಳುತ್ತದೆ. ಪೂರ್ತಿ ಎಲುಬು ಬೇಕೆಂದಾದರೆ ಕಥೆಗೆ ಬಾವಿಯೇ ಗತಿ.

ಕಥೆಯನ್ನು ಇವತ್ತಿಗೆ ತಂದು ಡಿಎನ್‌ಎ ಪರೀಕ್ಷೆ ಮಾಡಿಸುವ ಆಸೆ ಇದ್ದರೆ ಒಂದು ಚೆಂದದ ಗಂಟು ಕಾದಿದೆ. ಹಳೆಯ ಹಲ್ಲು ಎಲುಬಿನಿಂದ ಮಾಮೂಲಿ ಡಿಎನ್‌ಎ ಸಿಗುವುದು ಕಷ್ಟ. ಮೈಟೊಕಾಂಡ್ರಿಯಾದ ಡಿಎನ್‌ಎಯ ಪ್ರತಿಗಳು ಜೀವಕೋಶದಲ್ಲಿ ಬಹಳ ಇರುವುದರಿಂದ ಅದು ಸಿಗುವ ಸಂಭವ ಹೆಚ್ಚು. ಆದರೆ ಅದು ಇಳಿಯುವುದು ತಾಯಿಯಿಂದ ಮಾತ್ರ, ಅಳಿಯಸಂತಾನದ ಹಾಗೆಯೇ. ಉಗ್ರಾಣಿಯ ಹಲ್ಲು ಅವನ ಮಗಳಿಗೆ ತಾಳೆಯಾಗುವುದಿಲ್ಲ. ಅವನ ಅಕ್ಕತಂಗಿಯರ ಮಕ್ಕಳನ್ನು ಹುಡುಕಬೇಕು. ಗುತ್ತಿನವರ ವಿಷಯದಲ್ಲೋ, ಮಾವ, ಅಳಿಯ, ದೊಡ್ಡಮ್ಮ ಎಲ್ಲರದ್ದೂ ಒಂದೇ. ಪ್ರಯೋಗಾಲಯ ಕುಟುಂಬವನ್ನು ತೋರಿಸುತ್ತದೆ, ಆಳನ್ನು ತೋರಿಸುವುದಿಲ್ಲ. ಯಾರಿಗೆ ಯಾರು ಏನಾಗಬೇಕೆಂದು ತಿಳಿಯದ ಪಟ್ಟಣದ ಅಧಿಕಾರಿ ಇಲ್ಲಿ ಎರಡು ಅಧ್ಯಾಯ ದಾರಿ ತಪ್ಪಬಹುದು.

ದೈವದ ವಿಷಯದಲ್ಲಿ ಕೈ ಬಿಗಿ ಇರಲಿ. ಕೋಲದ ನುಡಿಯಲ್ಲಿ ಕೊಲೆಗಾರನ ಹೆಸರು ಹೇಳಿಸಿದರೆ ಅದು ಓದುಗನಿಗೂ ಮೋಸ, ದೈವಕ್ಕೂ ಅಪಚಾರ. ಹಾಗೆಂದು ಬಿಡಲೂ ಆಗದು. ಈ ಕಡೆ ಮನೆಯ ಗುಟ್ಟು ಮೊದಲು ಅಲುಗುವುದು ಪೊಲೀಸು ಠಾಣೆಯಲ್ಲಲ್ಲ, ಅಷ್ಟಮಂಗಲ ಪ್ರಶ್ನೆಯಲ್ಲಿ. ಜೋಯಿಸರು ಕವಡೆ ಸರಿಸಿ "ನೀರಿನ ಬದಿಯಲ್ಲಿ ಸದ್ಗತಿ ಕಾಣದ ಒಂದು ಪ್ರೇತ ಇದೆ, ಮನೆಯದ್ದೋ ಹೊರಗಿನದ್ದೋ ನೀವೇ ಯೋಚಿಸಿ" ಎನ್ನುತ್ತಾರೆ. ಆಗ ಕವಡೆ ನೋಡುವವನು ಕೆಟ್ಟ ಲೇಖಕ. ನೋಡಬೇಕಾದ್ದು ಕೂತವರನ್ನು. ಒಬ್ಬ ಹಾಳುಬಾವಿಯ ಕಡೆ ನೋಡಿದ, ಒಬ್ಬಳು ನಾಗಬನದ ಕೆರೆಯ ಕಡೆ, ಇನ್ನೊಬ್ಬ ತಲೆ ಎತ್ತಲೇ ಇಲ್ಲ. ಜೋಯಿಸರ ವಾಕ್ಯಕ್ಕೆ ಮೂರು ಅರ್ಥವಾದರೂ ಇರಬೇಕು, ಒಬ್ಬೊಬ್ಬರಿಗೆ ಅವರವರ ಭಯ ಕೇಳಿಸಬೇಕು.

ಮಾತಿನ ಬಗ್ಗೆ ಇಷ್ಟು. ಮನೆಯೊಳಗೆ ತುಳು, ಕಚೇರಿಯಲ್ಲಿ ಕನ್ನಡ. ಕಾದಂಬರಿ ಕನ್ನಡದ್ದಾದರೂ ಯಾರು ಯಾವಾಗ ಭಾಷೆ ಬದಲಿಸಿದರೆಂದು ಒಂದು ಶಬ್ದದಲ್ಲಿ ಸೂಚಿಸಿ. ವಕೀಲೆ "ದೊಡ್ಡಮ್ಮ" ಎನ್ನುವವರೆಗೆ ಸಿಗುವ ಉತ್ತರವೇ ಬೇರೆ, ಫೈಲು ತೆಗೆದು "ನೀವು" ಎಂದು ಕನ್ನಡಕ್ಕೆ ತಿರುಗಿದ ಮೇಲೆ ಸಿಗುವುದೇ ಬೇರೆ. ಬೊಂಬಾಯಿಯ ಮಗ ಅಕ್ಕನ ಮಗನನ್ನು "ಭಾವ" ಎಂದು ಕರೆಯುತ್ತಾನೆ, ಅತ್ತೆಯ ಮಗ ಆದದ್ದರಿಂದ. ಆ ಸಂಬಂಧವನ್ನು ಇವನು ಒಪ್ಪಿ ಓಗೊಟ್ಟನೋ, ಕೇಳಿಸದವನಂತೆ ಹೋದನೋ ಎಂಬುದರಲ್ಲೇ ಅರ್ಧ ವಿಚಾರಣೆ ಮುಗಿಯುತ್ತದೆ.

ಕೊನೆಯ ಅಧ್ಯಾಯಕ್ಕೆ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ ವಕೀಲೆಯಿಂದ ಭಾಷಣ ಮಾಡಿಸುವ ಪದ್ಧತಿ ಬೇಡ, ಗುತ್ತಿನ ಚಾವಡಿಯಲ್ಲಿ ಯಾರೂ ಹಾಗೆ ಕೂರುವುದಿಲ್ಲ. ಮುಂದಿನ ಆಟಿಗೆ ತಂದು ನಿಲ್ಲಿಸಿ. ಒಳಗೆ ಹನ್ನೆರಡು ಎಲೆ. ಹದಿಮೂರನೆಯದನ್ನು ಈ ಸಲ ಎಲ್ಲಿ ಹಾಕಬೇಕು, ಒಳಗೋ ಜಗಲಿಯಲ್ಲೋ, ಅಥವಾ ಉಗ್ರಾಣಿಯ ಮಗಳು ಅದನ್ನು ಎತ್ತಿಕೊಂಡು ತನ್ನ ಮನೆಗೆ ನಡೆಯುತ್ತಾಳೋ, ಅಪ್ಪನ ಹೆಸರು ಹೇಳಿ ಕರೆಯುವ ಬಾಯಿ ಯಾರದ್ದು: ಇಷ್ಟನ್ನು ನಿರ್ಧರಿಸಿಕೊಳ್ಳದೆ ಮೊದಲ ಅಧ್ಯಾಯಕ್ಕೂ ಕೈಹಾಕಬೇಡಿ. ದೊಡ್ಡಮ್ಮ ಆ ಹೊತ್ತಿಗೆ ಬಾಗಿಲ ಹಿಂದೆ ನಿಂತಿರುತ್ತಾಳೆ, ಕೈಯಲ್ಲಿ ಹೆಚ್ಚಿಗೆ ಸುಟ್ಟ ರೊಟ್ಟಿ.